ಮೊದಲು ಗುರುತು, ಆಮೇಲೆ ಮದ್ದು

(ಚರ್ಮರೋಗಗಳನ್ನು ಕುರಿತು ರೈತರ ಸಭೆಯಲ್ಲಿ ಗ್ರಾಮ ಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)

ನಾನು ಚಾವಡಿಗೆ ಬಂದೆನೆಂದರೆ ಬಿತ್ತನೆ ಬೀಜದ ಮಾತೋ ಗೊಬ್ಬರದ ಮಾತೋ ಇರಬೇಕೆಂದು ನೀವು ತಿಳಿದಿರುತ್ತೀರಿ. ಈ ಸಾರಿ ಅದೊಂದೂ ಅಲ್ಲ. ಇಂದು ಮೈಯ ಚರ್ಮದ ಮಾತನ್ನು ಆಡಲು ಬಂದಿದ್ದೇನೆ. "ಇವನು ಓದಿದ್ದು ವ್ಯವಸಾಯದ ಡಿಪ್ಲೊಮಾ, ಇವನಿಗೇಕೆ ವೈದ್ಯರ ಕೆಲಸ?" ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ನಾನು ವೈದ್ಯನಲ್ಲ, ಯಾರಿಗೂ ಮದ್ದು ಕೊಡಲು ಬಂದಿಲ್ಲ. ಆದರೆ ಚರ್ಮದ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದ್ದೇನೆ. ಒಂದು ನನ್ನ ಮೈಗೇ ಮಾಡಿಕೊಂಡದ್ದು. ಇನ್ನೊಂದು ನಮ್ಮವರೇ ಆದ ಒಬ್ಬ ರೈತರಿಗೆ ಮಾಡಿದ್ದು. ಅವೆರಡನ್ನೂ ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಚರ್ಮವೈದ್ಯರ ಹತ್ತಿರ ಕುಳಿತು ಕೇಳಿ ತಿಳಿದುಕೊಂಡದ್ದನ್ನೂ ಹೇಳುತ್ತೇನೆ.

ನಿಮಗೆ ಗೊತ್ತಿರುವುದರಿಂದಲೇ ಆರಂಭಿಸೋಣ. ಭತ್ತದ ಗರಿಯ ಮೇಲೆ ಕದಿರಿನಾಕಾರದ ಕಂದು ಚುಕ್ಕೆ ಕಾಣಿಸಿತು ಎನ್ನಿ. ಅದು ಬೆಂಕಿ ರೋಗ. ಬೂಷ್ಟಿನಿಂದ ಬರುವಂಥದು. ಇದನ್ನು ತಿಳಿಯದವನು "ಪೈರು ಸೊರಗಿದೆ" ಎಂದು ಇನ್ನಷ್ಟು ಯೂರಿಯಾ ಎರಚುತ್ತಾನೆ. ಏನಾಗುತ್ತದೆ? ನಾಲ್ಕು ದಿನ ಪೈರು ಕಡು ಹಸುರಾಗಿ ಕಾಣುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಆಮೇಲೆ ನೋಡಿದರೆ ರೋಗ ಗದ್ದೆಯನ್ನೆಲ್ಲ ಹಿಡಿದಿರುತ್ತದೆ. ತಪ್ಪು ಯೂರಿಯಾದ್ದಲ್ಲ. ರೋಗ ಯಾವುದೆಂದು ನೋಡದೆ ಹಾಕಿದವನದು. ನೀವು ಹೀಗೆ ಮಾಡುವುದಿಲ್ಲ. ರೋಗ ಬಿದ್ದ ಗರಿಯನ್ನು ಕಿತ್ತು ತಂದು "ಇದೇನು ನೋಡಿ" ಎಂದು ನನ್ನ ಕೈಗೆ ಕೊಡುತ್ತೀರಿ. ಪೈರಿಗೆ ತೋರಿಸುವ ಈ ವಿವೇಕವನ್ನು ನಮ್ಮ ಮೈಗೆ ತೋರಿಸುತ್ತೇವೆಯೇ? ಇಲ್ಲ. ತುರಿಕೆ ಬಂದರೆ ಸಂತೆಗೆ ಹೋದವರ ಕೈಯಲ್ಲಿ ಒಂದು ಟ್ಯೂಬು ತರಿಸುತ್ತೇವೆ. ಇಂದು ನಾನು ಹೇಳುವುದೆಲ್ಲ ಒಂದೇ ಮಾತು: ಮೊದಲು ಗುರುತು, ಆಮೇಲೆ ಮದ್ದು.

ಹುಳುಕಡ್ಡಿ

ಮೊದಲು ನನ್ನ ಕಥೆ. ಡಿಪ್ಲೊಮಾ ಓದುವಾಗ ವಿದ್ಯಾರ್ಥಿನಿಲಯದಲ್ಲಿದ್ದೆ. ಮಳೆಗಾಲ. ಒಗೆದ ಒಳಬಟ್ಟೆ ಸರಿಯಾಗಿ ಒಣಗುತ್ತಿರಲಿಲ್ಲ, ಹಸಿಯನ್ನೇ ಹಾಕಿಕೊಳ್ಳುತ್ತಿದ್ದೆವು. ಒಬ್ಬರ ಟವಲಿನಲ್ಲಿ ಇನ್ನೊಬ್ಬರು ಮೈ ಒರಸಿಕೊಳ್ಳುತ್ತಿದ್ದೆವು. ತೊಡೆಸಂದಿನಲ್ಲಿ ತುರಿಕೆ ಆರಂಭವಾಯಿತು. ಹೇಳಿಕೊಳ್ಳಲು ನಾಚಿಕೆ. ಪಟ್ಟಣದ ಅಂಗಡಿಯಲ್ಲಿ ಕೇಳಿದೆ; ಒಂದು ಮುಲಾಮು ಕೊಟ್ಟರು. ಮೂರು ದಿನದಲ್ಲಿ ತುರಿಕೆ ಮಾಯ! ಮದ್ದೆಂದರೆ ಇದು ಎಂದುಕೊಂಡೆ. ಬಿಟ್ಟ ವಾರಕ್ಕೆ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಮತ್ತೆ ಹಚ್ಚಿದೆ. ಹೀಗೆ ಎಂಟು ತಿಂಗಳು. ಊರಿಗೆ ಹೋದಾಗ ತಮ್ಮನಿಗೂ ಅದೇ ಟ್ಯೂಬು ಕೊಟ್ಟು ಬಂದೆ. ಕೊನೆಗೆ ಸೊಂಟ, ತೊಡೆ, ಬೆನ್ನಿನವರೆಗೂ ಹಬ್ಬಿದ ಮೇಲೆ ಜಿಲ್ಲಾ ಆಸ್ಪತ್ರೆಗೆ ಹೋದೆ.

ಅಲ್ಲಿಯ ಚರ್ಮವೈದ್ಯರು ಬೈಯಲಿಲ್ಲ. ಮಚ್ಚೆಯ ಅಂಚಿನಿಂದ ಸ್ವಲ್ಪ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿಕೊಂಡರು. ಮೇಲೆ ಒಂದು ತೊಟ್ಟು ಕ್ಷಾರದ್ರಾವಣ ಬಿಟ್ಟು, ಕೆಲವು ನಿಮಿಷ ಕಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. "ನೀವೂ ನೋಡಿ" ಎಂದರು. ನೋಡಿದೆ. ನೂಲಿನಂತೆ ಕವಲೊಡೆದ ಎಳೆಗಳು. ಇಂಥ ಎಳೆಗಳನ್ನು ನಾನು ಬೆಳೆರೋಗದ ಪಾಠದಲ್ಲಿ ಎಷ್ಟೋ ಸಾರಿ ನೋಡಿದ್ದೆ. ಗರಿಯ ಮೇಲಿನ ಬೂಷ್ಟನ್ನು ಗುರುತಿಸಿ ಅಂಕ ಪಡೆದಿದ್ದ ನಾನು, ನನ್ನ ತೊಡೆಯ ಮೇಲಿನ ಬೂಷ್ಟಿಗೆ ಎಂಟು ತಿಂಗಳು ಯೂರಿಯಾ ಹಾಕುತ್ತಿದ್ದೆ!

ಹೌದು, ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳುವುಂಟು, ರೋಗದಲ್ಲಿ ಹುಳುವಿಲ್ಲ. ಕೆಲವರು ಇದನ್ನು ಗಜಕರ್ಣ ಎನ್ನುತ್ತಾರೆ. ಚರ್ಮದ ಮೇಲುಪದರವನ್ನೇ ತಿಂದು ಬದುಕುವ ಬೂಷ್ಟು ಇದು. ಬಳೆಯಾಕಾರದಲ್ಲಿ ಬೆಳೆಯುತ್ತದೆ, ಅಂಚು ಕೆಂಪಾಗಿ ಉಬ್ಬಿರುತ್ತದೆ, ನಡುವೆ ತಿಳಿಯಾಗಿರುತ್ತದೆ. ಬೆವರು ನಿಲ್ಲುವ ತೊಡೆಸಂದು, ಸೊಂಟ, ಕಂಕುಳುಗಳು ಅದಕ್ಕೆ ಇಷ್ಟವಾದ ಜಾಗಗಳು. ಉಡಿದಾರದ ಕೆಳಗೆ ಅಡಗಿ ಕೂರುವುದೂ ಉಂಟು. ಕರುವಿನ ಮುಖದ ಮೇಲೆ ಕೂದಲು ಉದುರಿ ಬೂದಿ ಬಣ್ಣದ ದುಂಡು ಹಕ್ಕಳೆಗಳು ಬಂದಿದ್ದರೆ, ಅದರಿಂದ ಮನುಷ್ಯರಿಗೂ ಹುಳುಕಡ್ಡಿ ತಗಲಬಹುದು.

ಹಾಗಾದರೆ ನಾನು ಹಚ್ಚಿದ ಮುಲಾಮಿನಲ್ಲಿ ಏನಿತ್ತು? ಬೂಷ್ಟು ಕೊಲ್ಲುವ ಮದ್ದಿನ ಜೊತೆಗೆ ಸ್ಟಿರಾಯ್ಡ್ ಎಂಬ ಬಲವಾದ ಔಷಧ ಬೆರೆಸಿತ್ತು. ಸ್ಟಿರಾಯ್ಡ್ ಉರಿ, ತುರಿಕೆ, ಕೆಂಪನ್ನು ಅಡಗಿಸುತ್ತದೆ. ಅದರ ಜೊತೆಗೆ, ಬೂಷ್ಟಿನ ಮೇಲೆ ಕಾದಾಡುವ ನಮ್ಮ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗೇ ಬಿರಿಯುತ್ತದೆ. ನನ್ನ ತೊಡೆಗಳ ಮೇಲೆ ಬಿಳಿಯ ಗೀರುಗಳು ಇಂದಿಗೂ ಇವೆ. ಸಾಯುವ ತನಕ ಇರುತ್ತವೆ. ಮುಖಕ್ಕೆ ಬೆಳ್ಳಗಾಗಲೆಂದು ಇಂಥದೇ ಮುಲಾಮು ಹಚ್ಚುವ ಹೆಣ್ಣುಮಕ್ಕಳಿದ್ದಾರೆ. ಮುಖ ಕೆಂಪಾಗಿ, ಮೊಡವೆ ಎದ್ದು, ಬಿಸಿಲಿಗೆ ಹೋಗಲಾಗದಂತೆ ಆಗುತ್ತದೆ. ಸ್ಟಿರಾಯ್ಡ್ ಇರುವ ೧೪ ಬಗೆಯ ಮುಲಾಮು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ೨೦೧೮ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆದರೆ ಚೀಟಿಯಿಲ್ಲದೆ ಕೇಳುವವರು ನಾವಿರುವ ತನಕ ನಿಯಮವೊಂದೇ ಏನು ಮಾಡೀತು?

ನಮ್ಮ ದೇಶದಲ್ಲಿ ಈಚೆಗೆ ಹತ್ತು ವರ್ಷಗಳಿಂದ ಹುಳುಕಡ್ಡಿ ಮೊದಲಿನಂತೆ ಸುಲಭವಾಗಿ ಬಗ್ಗುತ್ತಿಲ್ಲ. ಹಳೆಯ ಮದ್ದಿಗೆ ಸಾಯದ ಒಂದು ಬೂಷ್ಟು ಹರಡಿದೆ. ೨೦೨೦ರಲ್ಲಿ ವಿಜ್ಞಾನಿಗಳು ಅದಕ್ಕೆ ಬೇರೆಯೇ ಹೆಸರಿಟ್ಟರು. ಆ ಹೆಸರಿನಲ್ಲಿ ನಮ್ಮ ದೇಶದ ಹೆಸರೂ ಸೇರಿಕೊಂಡಿದೆ. ಒಂದೇ ಕೀಟನಾಶಕವನ್ನು ಅರೆಬರೆ ಹೊಡೆದಾಗ ಹುಳು ಅದಕ್ಕೆ ಒಗ್ಗಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಮದ್ದಿಗೆ ಬಗ್ಗದ ಬೂಷ್ಟು ಬೆಳೆಯುವುದೂ ಹೀಗೆಯೇ.

ಚರ್ಮವೈದ್ಯರು ಇದಕ್ಕೆ ಏನು ಮಾಡುತ್ತಾರೆ? ಸ್ಟಿರಾಯ್ಡ್ ಬೆರೆಯದ, ಬೂಷ್ಟು ಕೊಲ್ಲುವ ಮುಲಾಮನ್ನಷ್ಟೇ ಕೊಡುತ್ತಾರೆ. ಅದನ್ನು ಮಚ್ಚೆಯ ಮೇಲಲ್ಲದೆ ಅಂಚಿನಿಂದ ಎರಡು ಬೆರಳಗಲ ಹೊರಗಿನವರೆಗೂ ಹಚ್ಚಬೇಕು. ಬೆಂಕಿ ಬಿದ್ದ ಹುಲ್ಲುಗಾವಲಿಗೆ ಸುತ್ತ ಗೆರೆ ಕಡಿಯುವುದಿಲ್ಲವೇ, ಹಾಗೆ. ಹೆಚ್ಚು ಹರಡಿದ್ದರೆ ನುಂಗುವ ಮಾತ್ರೆಯನ್ನೂ ಕೊಡುತ್ತಾರೆ. ಕೆಲವರಿಗೆ ರಕ್ತಪರೀಕ್ಷೆ ಮಾಡಿಸುತ್ತಾರೆ. ತುರಿಕೆ ನಿಂತಿತೆಂದು ಮದ್ದು ನಿಲ್ಲಿಸಬಾರದು. ಮಚ್ಚೆ ಪೂರ್ತಿ ಹೋದ ಮೇಲೂ ಎರಡು ವಾರದ ತನಕ, ವೈದ್ಯರು ಸಾಕೆನ್ನುವವರೆಗೆ ಹಚ್ಚಬೇಕು. ನನಗೆ ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ತಮ್ಮನಿಗೂ ಅಷ್ಟೇ.

ಮನೆಯಲ್ಲಿ ಮಾಡಬೇಕಾದದ್ದೂ ಉಂಟು. ಪ್ರತಿಯೊಬ್ಬರಿಗೂ ಬೇರೆ ಟವಲು ಇರಲಿ. ರೋಗಿಯ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಹೆಂಗಸರ ಒಳಬಟ್ಟೆಗಳನ್ನು ಸೀರೆಯ ಕೆಳಗೆ ಮರೆಮಾಡಿ ಒಣಗಿಸುವ ರೂಢಿ ನಮ್ಮಲ್ಲಿದೆ. ಬಿಸಿಲು ಕಾಣದ ಬಟ್ಟೆಯಲ್ಲಿ ಬೂಷ್ಟು ಉಳಿಯುತ್ತದೆ. ಗದ್ದೆಯಿಂದ ಬಂದೊಡನೆ ಒದ್ದೆ ಬಟ್ಟೆ ಬಿಡಿ. ರೋಗ ಇರುವಷ್ಟು ಕಾಲ ಉಡಿದಾರವನ್ನು ತೆಗೆದಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅವರನ್ನೂ ಜೊತೆಗೇ ತೋರಿಸಿ.

ಕಜ್ಜಿ

ಇನ್ನು ಕಜ್ಜಿ. ಇದು ಮನೆಗೆ ಹೊಕ್ಕಿತೆಂದರೆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಬೆರಳಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ತೊಡೆಸಂದುಗಳಲ್ಲಿ ಸಣ್ಣ ಗುಳ್ಳೆಗಳು. ರಾತ್ರಿ ಹಾಸಿಗೆ ಬೆಚ್ಚಗಾದೊಡನೆ ತುರಿಕೆ ಹೆಚ್ಚುತ್ತದೆ. ಒಬ್ಬರಿಂದ ಒಬ್ಬರಿಗೆ, ಮನೆಯಲ್ಲೆಲ್ಲ.

ಇದಕ್ಕೆ ಕಾರಣ ಬೂಷ್ಟಲ್ಲ. ತೆಂಗಿನ ಕಾಯಿಗೆ ಬರುವ ನುಸಿ ಪೀಡೆ ನಿಮಗೆಲ್ಲ ಗೊತ್ತು. ಕಜ್ಜಿಯದೂ ಅಂಥ ಒಂದು ನುಸಿಯೇ. ಎಂಟು ಕಾಲು, ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ನುಸಿ ಚರ್ಮದ ಮೇಲುಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊದಲ ಸಾರಿ ಹತ್ತಿದವರಿಗೆ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ಇಂದು ಮೈ ಕೆರೆದುಕೊಳ್ಳದ ಮಗುವಿನಲ್ಲಿಯೂ ನುಸಿ ಆಗಲೇ ಸೇರಿರಬಹುದು. ಆದ್ದರಿಂದಲೇ ವೈದ್ಯರು ಮನೆಮಂದಿಗೆಲ್ಲ, ತುರಿಕೆ ಇರಲಿ ಬಿಡಲಿ, ಒಂದೇ ದಿನ ಮದ್ದು ಹಚ್ಚಲು ಹೇಳುತ್ತಾರೆ. ನಮ್ಮ ಹೊಲಕ್ಕೆ ಮದ್ದು ಹೊಡೆದು ಬದುವಿನಾಚೆಯ ಹೊಲ ಬಿಟ್ಟರೆ ಹುಳು ವಾರದಲ್ಲಿ ವಾಪಸು ಬರುವುದಿಲ್ಲವೇ?

ಚಿಕಿತ್ಸೆ ಸುಲಭ. ಪರ್ಮೆಥ್ರಿನ್ ಎಂಬ ನೂರಕ್ಕೆ ಐದರ ಮುಲಾಮನ್ನು ರಾತ್ರಿ ಮಲಗುವ ಮುಂಚೆ ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಸಂದು ಬಿಡದೆ, ಇಡೀ ಮೈಗೆ ಹಚ್ಚಬೇಕು. ಗುಳ್ಳೆ ಇರುವ ಕಡೆಗಷ್ಟೇ ಹಚ್ಚಿದರೆ ಪ್ರಯೋಜನವಿಲ್ಲ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ವಾರ ಕಳೆದು ಇನ್ನೊಂದು ಸಾರಿ. ಎಳೆಮಕ್ಕಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಿ. ಅದೇ ದಿನ ಹಾಸಿಗೆ ಹೊದಿಕೆ, ಬಟ್ಟೆಬರೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕಂಬಳಿಯನ್ನು ಒಂದು ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಮೈ ಸಿಗದೆ ನುಸಿ ಸತ್ತು ಹೋಗುತ್ತದೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ಸ್ವಲ್ಪ ತುರಿಕೆ ಇರಬಹುದು. ಅದಕ್ಕೆ ಹೆದರಿ ದಿನವೂ ಹಚ್ಚಬೇಡಿ.

ಐವರ್‌ಮೆಕ್ಟಿನ್ ಎಂಬ ನುಂಗುವ ಮಾತ್ರೆಯನ್ನೂ ವೈದ್ಯರು ಕೊಡುವುದುಂಟು. ಇದರ ಮೂಲ ಕೇಳಿದರೆ ನಿಮಗೆ ಸಂತೋಷವಾದೀತು. ಜಪಾನಿನ ಒಂದು ಕಡೆಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಮದ್ದು ಇದು. ಕಂಡುಹಿಡಿದ ಸತೋಷಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಎಂಬ ಇಬ್ಬರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇದೇ ಹೆಸರಿನ ಮದ್ದು ದನಗಳಿಗೂ ಕೊಡುತ್ತಾರೆ. ಅದಕ್ಕೇ ಒಂದು ಎಚ್ಚರಿಕೆ: ದನದ ಮದ್ದನ್ನು ಜನ ತೆಗೆದುಕೊಳ್ಳಬಾರದು. ಮನುಷ್ಯರಿಗೆ ಅಳತೆಯೇ ಬೇರೆ, ತೂಕ ನೋಡಿ ಕೊಡುತ್ತಾರೆ.

ಇನ್ನೂ ದೊಡ್ಡ ಎಚ್ಚರಿಕೆ. ಕಜ್ಜಿಗೂ ತಲೆಯ ಹೇನಿಗೂ ಬೆಳೆಗೆ ಹೊಡೆಯುವ ಕೀಟನಾಶಕ ಹಚ್ಚುವವರನ್ನು ನಾನು ಕಂಡಿದ್ದೇನೆ. ಅದನ್ನು ಎಂದೆಂದಿಗೂ ಮಾಡಬೇಡಿ. ಚರ್ಮದ ಮೂಲಕ ವಿಷ ರಕ್ತಕ್ಕೆ ಸೇರುತ್ತದೆ. ಮಕ್ಕಳು ಪ್ರಾಣವನ್ನೇ ಕಳೆದುಕೊಳ್ಳಬಹುದು. ಕಜ್ಜಿಯನ್ನು ಸುಮ್ಮನೆ ಬಿಡುವುದೂ ಸಲ್ಲದು. ಕೆರೆದ ಗಾಯಕ್ಕೆ ಕೀವು ಸೇರಿದರೆ ಕೆಲವು ಮಕ್ಕಳಿಗೆ ಮೂತ್ರಪಿಂಡವೂ ಕೆಡುತ್ತದೆ. ಮಗುವಿನ ಮುಖ ಊದಿದರೆ, ಮೂತ್ರ ಕಡಿಮೆಯಾದರೆ ಅಥವಾ ಕೆಂಪಾದರೆ ಆಸ್ಪತ್ರೆಗೆ ಆ ದಿನವೇ ಹೋಗಿ.

ಇಸಬು ಮತ್ತು ಕಾಂಗ್ರೆಸ್ ಗಿಡ

ಇಸಬು ಅಂಟುರೋಗವಲ್ಲ. ಮೈಗೆ ಒಗ್ಗದ ವಸ್ತು ತಗಲಿದಾಗ ಚರ್ಮ ಮುನಿಸಿಕೊಳ್ಳುತ್ತದೆ, ಅದು ಇಸಬು. ಗಾರೆ ಕೆಲಸದವನಿಗೆ ಸಿಮೆಂಟು, ಪಾತ್ರೆ ತಿಕ್ಕುವವಳಿಗೆ ಸಾಬೂನು ಪುಡಿ, ಕೆಲವರಿಗೆ ಬೆಳ್ಳುಳ್ಳಿ, ಕೆಲವರಿಗೆ ರಬ್ಬರ್ ಚಪ್ಪಲಿ. ನಮ್ಮ ರೈತರಿಗೆ ದೊಡ್ಡ ಶತ್ರು ನಿಮ್ಮ ಬದುವಿನ ಮೇಲೆಯೇ ನಿಂತಿದೆ: ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ೧೯೫೦ರ ದಶಕದಲ್ಲಿ ಪುಣೆಯ ಬಳಿ ಜನರ ಕಣ್ಣಿಗೆ ಬಿದ್ದ ಈ ಕಳೆ ಇಂದು ದೇಶವನ್ನೆಲ್ಲ ತುಂಬಿದೆ. ಅದರ ಒಣಗಿದ ಪುಡಿ ಗಾಳಿಯಲ್ಲಿ ತೇಲಿ ಬಂದು ಮೈಮೇಲೆ ಕೂರುತ್ತದೆ. ಒಗ್ಗದವರಿಗೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಉರಿ, ತುರಿಕೆ. ವರ್ಷ ಕಳೆದಂತೆ ಮುಖದ ಚರ್ಮ ದಪ್ಪಗೆ, ಕಪ್ಪಗೆ ಆಗುತ್ತದೆ. ಅಂಥವರು ಹೊಲಕ್ಕೆ ಕಾಲಿಡಲೂ ಹೆದರುತ್ತಾರೆ. ರೈತನಿಗೆ ಇದಕ್ಕಿಂತ ದುಃಖ ಉಂಟೇ?

ಇದೇ ಕಾರಣವೆಂದು ತಿಳಿಯುವುದು ಹೇಗೆ? ಚರ್ಮವೈದ್ಯರು ಬೆನ್ನಿನ ಮೇಲೆ ಬೇರೆ ಬೇರೆ ವಸ್ತುಗಳ ಸ್ವಲ್ಪ ಸ್ವಲ್ಪ ಅಂಶವನ್ನು ಪಟ್ಟಿಯಲ್ಲಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಯಾವುದರ ಕೆಳಗೆ ಚರ್ಮ ಕೆಂಪಾಗಿ ಉಬ್ಬಿದೆಯೋ ಅದೇ ಶತ್ರು. ನಾವು ಗೊಬ್ಬರದ ಪರೀಕ್ಷೆಗೆ ಸಣ್ಣ ಸಣ್ಣ ತಾಕು ಹಾಕಿ ನೋಡುವಂತೆಯೇ.

ಇಸಬಿಗೆ ಅದೇ ಸ್ಟಿರಾಯ್ಡ್ ಮುಲಾಮು ಒಳ್ಳೆಯ ಮದ್ದು. ಆಶ್ಚರ್ಯಪಡಬೇಡಿ. ಯೂರಿಯಾ ಕೆಟ್ಟದ್ದಲ್ಲ, ಯಾವ ಪೈರಿಗೆ, ಯಾವಾಗ, ಎಷ್ಟು ಎಂಬುದು ಮುಖ್ಯ. ಯಾವ ಬಲದ ಮುಲಾಮು, ಎಷ್ಟು ದಿನ ಎಂಬುದನ್ನು ವೈದ್ಯರು ಬರೆದುಕೊಡುತ್ತಾರೆ. ಅಳತೆಯನ್ನೂ ಹೇಳುತ್ತಾರೆ: ತೋರುಬೆರಳಿನ ತುದಿಗೆರೆಯಷ್ಟು ಉದ್ದ ಹಿಂಡಿದರೆ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಚರ್ಮ ಒಣಗದಂತೆ ಸ್ನಾನವಾದೊಡನೆ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಕಾಂಗ್ರೆಸ್ ಗಿಡದ ಬಾಧೆ ಬಹಳವಾಗಿದ್ದವರಿಗೆ ಮಾತ್ರೆಗಳೂ ಉಂಟು. ಅವನ್ನು ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ತೆಗೆದುಕೊಳ್ಳಬೇಕು.

ಗಿಡದ ಚಿಕಿತ್ಸೆ ನನ್ನ ಇಲಾಖೆಯದು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಬೇರು ಸಹಿತ ಕೀಳಿ. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಇದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋ ದೇಶದಿಂದ ತಂದು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಾಂಗ್ರೆಸ್ ಗಿಡದ ಮೇಲೆ ಕಂದು ಗೀರಿನ ಆ ಹುಳು ಕಂಡರೆ ಕೊಲ್ಲಬೇಡಿ. ಅದು ನಮ್ಮ ಕೂಲಿಯಾಳು. ಇಸಬು ಇರುವವರು ಮಾತ್ರ ಕೀಳುವ ಕೆಲಸಕ್ಕೆ ಇಳಿಯಬಾರದು, ನೆರೆಹೊರೆಯವರು ಕಿತ್ತುಕೊಡಿ.

ಮೂರು ಬಗೆಯ ಬಿಳಿ ಮಚ್ಚೆ

ಈಗ ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ಇದನ್ನು ಹೇಳಲು ಆ ರೈತರೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಬೇಡ, ನಾನು ಅವರನ್ನು ಅಣ್ಣ ಎನ್ನುತ್ತೇನೆ.

ಮೂರು ವರ್ಷದ ಕೆಳಗೆ ಅಣ್ಣ ರಾಗಿ ಬೀಜಕ್ಕೆಂದು ಬಂದವರು ಮುಂಗೈ ತೋರಿಸಿದರು. ಮೊಣಕೈಯ ಹತ್ತಿರ ಅಂಗೈಯಗಲದ ಒಂದು ಮಾಸಲು ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ. ನಾನು ನೋಡಿದೆನೋ ಇಲ್ಲವೋ, "ಚಿಬ್ಬು ಅಣ್ಣಾ, ಬೆವರಿಗೆ ಬಂದದ್ದು, ತಾನೇ ಹೋಗುತ್ತದೆ" ಎಂದುಬಿಟ್ಟೆ. ಅವರು ನಂಬಿದರು. ಡಿಪ್ಲೊಮಾ ಓದಿದವನ ಮಾತಲ್ಲವೇ? ಒಂದೂವರೆ ವರ್ಷ ಕಳೆಯಿತು. ಒಂದು ದಿನ ಆಲೆಮನೆಯಲ್ಲಿ ಕಾದ ಕೊಪ್ಪರಿಗೆಗೆ ಅವರ ಕಿರುಬೆರಳು ತಗಲಿತು. ಪಕ್ಕದವರು ಕೂಗಿ ಎಳೆಯುವ ತನಕ ಅವರಿಗೆ ತಿಳಿಯಲಿಲ್ಲ. ಬೆರಳು ಸುಟ್ಟಿತ್ತು, ಉರಿ ಮಾತ್ರ ಇಲ್ಲ. ಊರಿನ ಆಶಾ ಕಾರ್ಯಕರ್ತೆ ಅದನ್ನು ಕೇಳಿದ ಮರುದಿನವೇ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅದು ಕುಷ್ಠವಾಗಿತ್ತು.

ಬಿಳಿ ಮಚ್ಚೆಯೆಲ್ಲ ಒಂದೇ ಅಲ್ಲ ಬಂಧುಗಳೇ. ಮೂರನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಿ.

ಚಿಬ್ಬು ಎದೆ, ಬೆನ್ನು, ತೋಳುಗಳ ಮೇಲೆ ಸಣ್ಣ ಸಣ್ಣ ಮಚ್ಚೆಗಳಾಗಿ ಬರುತ್ತದೆ. ಉಗುರಿನಿಂದ ಗೀರಿದರೆ ಸಣ್ಣ ಹೊಟ್ಟು ಏಳುತ್ತದೆ. ಎಲ್ಲರ ಮೈಮೇಲೂ ಇರುವ ಒಂದು ಬೂಷ್ಟು ಬೆವರಿನ ಕಾಲದಲ್ಲಿ ಹೆಚ್ಚುವುದರಿಂದ ಬರುವಂಥದು. ಅಪಾಯವಿಲ್ಲ. ವೈದ್ಯರು ಹಚ್ಚಿ ತೊಳೆಯುವ ಮದ್ದೋ ಮುಲಾಮೋ ಕೊಡುತ್ತಾರೆ. ಬೂಷ್ಟು ಹೋದ ಮೇಲೂ ಬಣ್ಣ ತುಂಬಲು ಕೆಲವು ತಿಂಗಳು ಬೇಕು.

ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ. ಮುಟ್ಟಿದರೆ ಚೆನ್ನಾಗಿ ತಿಳಿಯುತ್ತದೆ. ಇದು ಅಂಟುವುದಿಲ್ಲ, ಕುಷ್ಠವೂ ಅಲ್ಲ, ಪಾಪದ ಫಲವೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ದೇಹದ ಕಾವಲು ಶಕ್ತಿಯೇ ತಪ್ಪಾಗಿ ತಿಳಿದು ನಾಶಮಾಡುವುದರಿಂದ ಬರುತ್ತದೆ. ಮುಲಾಮುಗಳು, ವಾರಕ್ಕೆ ಎರಡು ಮೂರು ಸಾರಿ ಯಂತ್ರದಿಂದ ಕೊಡುವ ವಿಶೇಷ ಬೆಳಕು, ಹರಡುವುದು ನಿಂತವರಿಗೆ ಚರ್ಮದ ಕಸಿ, ಹೀಗೆ ಚಿಕಿತ್ಸೆಗಳು ಇವೆ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಕರಿಗೇರಿನ ಎಣ್ಣೆ ಹಚ್ಚಿ ಸುಟ್ಟುಕೊಂಡರೆ ಸುಟ್ಟ ಜಾಗದಲ್ಲಿಯೇ ಹೊಸ ಬಿಳುಪು ಬರಬಹುದು. ತೊನ್ನು ಇದೆಯೆಂದು ಹೆಣ್ಣಿನ ಮದುವೆ ಮುರಿಯುವುದು ಅನ್ಯಾಯ.

ಕುಷ್ಠದ ಮಚ್ಚೆ ಹಾಲುಬಿಳುಪಲ್ಲ. ಮಾಸಲು ಅಥವಾ ಸ್ವಲ್ಪ ಕೆಂಪು. ಅದರ ಮುಖ್ಯ ಗುರುತೆಂದರೆ ಸ್ಪರ್ಶ ತಿಳಿಯುವುದಿಲ್ಲ. ವೈದ್ಯರು ಕಣ್ಣು ಮುಚ್ಚಿಸಿ ಹತ್ತಿಯ ಎಳೆಯನ್ನೋ ಲೇಖನಿಯ ತುದಿಯನ್ನೋ ಮುಟ್ಟಿಸಿ ಕೇಳುತ್ತಾರೆ. ಮೊಣಕೈ, ಮಂಡಿಯ ಹತ್ತಿರದ ನರ ಊದಿದೆಯೇ ಎಂದು ಒತ್ತಿ ನೋಡುತ್ತಾರೆ. ರೋಗಾಣುವನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ೧೮೭೩ರಲ್ಲೇ ಕಂಡುಹಿಡಿದರು. ಶಾಪವೂ ಅಲ್ಲ, ವಂಶದ ಕಳಂಕವೂ ಅಲ್ಲ, ಕ್ಷಯದಂತೆ ಒಂದು ರೋಗಾಣು ಅಷ್ಟೇ. ಅದು ಚರ್ಮಕ್ಕಿಂತ ನರಕ್ಕೆ ಹೆಚ್ಚು ಹಾನಿ ಮಾಡುತ್ತದೆ. ಬಹಳ ಜನರಿಗೆ ಹುಟ್ಟಿನಿಂದಲೇ ಇದನ್ನು ತಡೆಯುವ ಶಕ್ತಿ ಇರುತ್ತದೆ. ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಸೂಚಿಸಿತು. ಅಂದಿನಿಂದ ಇದು ಪೂರ್ತಿ ವಾಸಿಯಾಗುವ ರೋಗ. ರೋಗದ ಬಗೆ ನೋಡಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಮಾತ್ರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒಂದು ಕಾಸೂ ಕೊಡಬೇಕಾಗಿಲ್ಲ. ಮಾತ್ರೆ ಆರಂಭಿಸಿದ ಕೆಲವೇ ದಿನಗಳಲ್ಲಿ ಇತರರಿಗೆ ಹರಡುವುದು ನಿಲ್ಲುತ್ತದೆ. ಕುಷ್ಠವೆಂಬ ಕಾರಣಕ್ಕೆ ಗಂಡ ಹೆಂಡತಿ ವಿಚ್ಛೇದನ ಕೇಳಲು ಇದ್ದ ಅವಕಾಶವನ್ನು ೨೦೧೯ರಲ್ಲಿ ಕಾನೂನಿನಿಂದಲೇ ತೆಗೆದುಹಾಕಿದರು.

೨೦೦೫ರ ಡಿಸೆಂಬರಿನಲ್ಲಿ ದೇಶದಲ್ಲಿ ಕುಷ್ಠ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು. ಕಡಿಮೆಯಾಯಿತೇ ಹೊರತು ಮುಗಿಯಲಿಲ್ಲ. ಕಡಿಮೆಯಾದ ರೋಗವನ್ನು ಜನ ಮರೆಯುತ್ತಾರೆ, ನಾನೂ ಮರೆತಿದ್ದೆ.

ಅಣ್ಣ ಹನ್ನೆರಡು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಮನೆಯವರನ್ನೆಲ್ಲ ಪರೀಕ್ಷಿಸಿದರು, ಯಾರಿಗೂ ಇರಲಿಲ್ಲ. ರೋಗ ಹೋಯಿತು. ಆದರೆ ಕಿರುಬೆರಳು, ಉಂಗುರ ಬೆರಳು ಎರಡೂ ಒಳಕ್ಕೆ ಬಾಗಿದವು ಬಾಗಿದಂತೆಯೇ ಉಳಿದವು. ಕುಡುಗೋಲು ಹಿಡಿಯಲು ಅವರು ಹಿಡಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ನಾನು ಹೋಗಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈಯೋದಿಲ್ಲ ಕಣಪ್ಪ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು, ಡಾಕ್ಟರ ಹತ್ರ ಕಳಿಸು. ಇನ್ನೊಬ್ಬರಿಗೆ ಹಂಗೆ ಹೇಳಬೇಡ" ಎಂದರು. ಅದಕ್ಕೇ ಇಂದು ಇಲ್ಲಿ ನಿಂತಿದ್ದೇನೆ. ಆ ದಿನ ನಾನು ಹೇಳಬೇಕಾಗಿದ್ದುದು ಒಂದೇ ಮಾತು: "ತೋರಿಸಿಕೊಂಡು ಬನ್ನಿ ಅಣ್ಣಾ." ಅಷ್ಟು ಹೇಳಿದ್ದರೆ ಎರಡು ಬೆರಳು ಉಳಿಯುತ್ತಿದ್ದವು.

ನೆನಪಿಡಬೇಕಾದ ಮಾತುಗಳು

ಮನೆಗೆ ಹೋದ ಮೇಲೆ ಇವಿಷ್ಟನ್ನು ಹೇಳಿಕೊಳ್ಳಿ.

೧. ಎರಡು ವಾರಕ್ಕೂ ಹೋಗದ ಮಚ್ಚೆ, ತುರಿಕೆ ಯಾವುದೇ ಇರಲಿ, ವೈದ್ಯರಿಗೆ ತೋರಿಸಿ.

೨. ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಎರಡು ವಾರವೂ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ.

೩. ಚೀಟಿಯಿಲ್ಲದೆ ಮುಲಾಮು ಕೊಳ್ಳಬೇಡಿ. ಒಬ್ಬರ ಮುಲಾಮನ್ನು ಇನ್ನೊಬ್ಬರು ಹಚ್ಚಬೇಡಿ. ವೈದ್ಯರಲ್ಲಿಗೆ ಹೋಗುವಾಗ ಹಿಂದೆ ಹಚ್ಚಿದ ಟ್ಯೂಬನ್ನು ನಾಚದೆ ಜೊತೆಗೆ ಒಯ್ಯಿರಿ. ಅದನ್ನು ನೋಡಿದರೆ ಅವರಿಗೆ ಅರ್ಧ ಕೆಲಸ ಹಗುರ.

೪. ಕಜ್ಜಿಗೆ ಮನೆಮಂದಿಗೆಲ್ಲ ಒಂದೇ ದಿನ ಮದ್ದು.

೫. ಕೀಟನಾಶಕ, ಸೀಮೆಎಣ್ಣೆ, ದನದ ಮದ್ದು, ಸುಡುವ ಎಣ್ಣೆಗಳನ್ನು ಮೈಗೆ ಮುಟ್ಟಿಸಬೇಡಿ.

೬. ಹಿಡಿದ ಚಿಕಿತ್ಸೆಯನ್ನು ನಡುವೆ ಬಿಡಬೇಡಿ.

"ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ" ಎನ್ನುತ್ತೀರಿ. ಹೋಗುತ್ತದೆ, ನಿಜ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ಕಾದರೆ ಎಷ್ಟು ದಿನದ ಕೂಲಿ ಹೋದೀತು, ಎಣಿಸಿ ನೋಡಿ. ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುಂಚೆ ಚರ್ಮವೈದ್ಯರು ಯಾವ ದಿನ ಇರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ನಾಲ್ಕು ಜನ ಕೂಡಿ ಒಂದೇ ದಿನ ಹೊರಡಿ. ನಾಚಿಕೆಪಡುವವರು ಇದ್ದರೆ, ನನ್ನ ಕಥೆಯನ್ನು ನಾನು ನಾಲ್ಕು ಜನರ ಮುಂದೆ ಹೇಳಿದ್ದೇನೆ, ಅದನ್ನು ನೆನೆದುಕೊಳ್ಳಲಿ.

ರೋಗ ಬಿದ್ದ ಗರಿಯನ್ನು ತಂದರೆ ಎಂದಿನಂತೆ ನನಗೆ ತೋರಿಸಿ, ತಿಳಿದಷ್ಟು ಹೇಳುತ್ತೇನೆ. ಮೈಮೇಲಿನ ಮಚ್ಚೆಯನ್ನು ತೋರಿಸಿದರೆ ನಾನು ಇನ್ನು ಮುಂದೆ ಒಂದೇ ಮಾತು ಹೇಳುತ್ತೇನೆ: "ಬನ್ನಿ, ವೈದ್ಯರಲ್ಲಿಗೆ ಹೋಗೋಣ." ಬೇಕಾದರೆ ನಾನೇ ಜೊತೆಗೆ ಬರುತ್ತೇನೆ.